ಸದ್ದಿನ ಮೂಲಕ್ಕೇ ಕೈ ಹಾಕಿದ ಕಾರು: ಲೆಕ್ಸಸ್ ಎಲ್‌ಎಸ್‌ನ ಐದು ತಲೆಮಾರು

2025ರ ಅಕ್ಟೋಬರ್ ಕೊನೆಯಲ್ಲಿ ಟೋಕಿಯೊದ ಜಪಾನ್ ಮೊಬಿಲಿಟಿ ಷೋನಲ್ಲಿ ಟೊಯೊಟಾದ ಐಷಾರಾಮಿ ಬ್ರಾಂಡ್ ಲೆಕ್ಸಸ್ ಒಂದು ವ್ಯಾನನ್ನು ತಂದು ನಿಲ್ಲಿಸಿತು. ಅದಕ್ಕೆ ಆರು ಚಕ್ರ: ಮುಂದೆ ಎರಡು, ಹಿಂದೆ ನಾಲ್ಕು. ಹೆಸರು ಎಲ್‌ಎಸ್ ಕಾನ್ಸೆಪ್ಟ್. ಕಾರಿನ ಲೋಕ ಬಲ್ಲವರಿಗೆ ಇದು ಸಣ್ಣ ಸುದ್ದಿಯಲ್ಲ. 1989ರಿಂದ ಎಲ್‌ಎಸ್ ಎಂದರೆ ಜಪಾನಿನ ಅತಿ ಹೆಸರುವಾಸಿ ಐಷಾರಾಮಿ ಸೆಡಾನ್. ಆ ಎರಡು ಅಕ್ಷರದ ವಿಸ್ತರಣೆಯೇ ಲಕ್ಷುರಿ ಸೆಡಾನ್. ಇನ್ನು ಮುಂದೆ ಅದನ್ನು ಲಕ್ಷುರಿ ಸ್ಪೇಸ್ ಎಂದು ಓದಿಕೊಳ್ಳಿ ಎಂದು ಕಂಪನಿ ಹೇಳಿತು. ಅಮೆರಿಕದಲ್ಲಂತೂ ಎಲ್‌ಎಸ್ ಸೆಡಾನಿಗೆ 2026ರ ಮಾಡೆಲ್ಲೇ ಕೊನೆ. ಹೆರಿಟೇಜ್ ಎಡಿಷನ್ ಹೆಸರಿನಲ್ಲಿ 250 ಕಾರು ಮಾರಿ ಅಲ್ಲಿ ಮುಗಿಸುತ್ತಿದ್ದಾರೆ.

ಕೋಟಿ ದಾಟಿದ ಕಾರಿನ ವಿಷಯ ನಮಗೇಕೆ ಎಂಬ ಪ್ರಶ್ನೆ ಸಹಜ. ಇದೇ ಎಲ್‌ಎಸ್ ಜೊತೆ ಒಂದೇ ದಿನ ಜನಕ್ಕೆ ಪರಿಚಯವಾದ ಅದರ ತಮ್ಮ ಲೆಕ್ಸಸ್ ಇಎಸ್ 2020ರಲ್ಲಿ ರಾಮನಗರದ ಪಕ್ಕದ ಬಿಡದಿಯಲ್ಲಿ ತಯಾರಾಗತೊಡಗಿತು. ಬೆಂಗಳೂರಿನ ರಸ್ತೆಗಳಲ್ಲಿ ದಿನಾ ಕಾಣುವ ಹೈಬ್ರಿಡ್ ಟೊಯೊಟಾಗಳಿಗೂ ಈ ಮನೆತನಕ್ಕೂ ರಕ್ತಸಂಬಂಧವಿದೆ. ಕಾರು ಕೊಳ್ಳದವರಿಗೂ ಇಲ್ಲಿ ತಿಳಿಯಬೇಕಾದದ್ದು ಬಹಳ ಇದೆ. ಒಂದು ವಸ್ತುವನ್ನು ಮೂವತ್ತೈದು ವರ್ಷ ತಿದ್ದುತ್ತ ಹೋಗುವುದು ಎಂದರೇನು ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ಸಿಗುವುದು ಅಪರೂಪ.

ಮೊದಲು ಕೆಲವು ಪದ

ಸೆಡಾನ್ ಎಂದರೆ ಮೂರು ಡಬ್ಬದ ಕಾರು. ಮುಂದಿನ ಡಬ್ಬದಲ್ಲಿ ಎಂಜಿನ್, ನಡುವಿನದರಲ್ಲಿ ಜನ, ಹಿಂದಿನದರಲ್ಲಿ ಸಾಮಾನು. ಡಿಕ್ಕಿ ಪ್ರತ್ಯೇಕವಾಗಿ ಮುಚ್ಚಿಕೊಂಡಿರುವುದರಿಂದ ಹಿಂದಿನ ಚಕ್ರಗಳ ಸದ್ದು ಕೂರುವ ಜಾಗಕ್ಕೆ ಸುಲಭವಾಗಿ ನುಗ್ಗುವುದಿಲ್ಲ. ಕಾರು ನೆಲಕ್ಕೆ ಹತ್ತಿರ ಇರುವುದರಿಂದ ತಿರುವಿನಲ್ಲಿ ಹೆಚ್ಚು ವಾಲುವುದೂ ಇಲ್ಲ. ದೊಡ್ಡವರ ಕಾರು ಎಂದರೆ ಸೆಡಾನ್ ಎಂಬ ರೂಢಿ ಲೋಕದಾದ್ಯಂತ ಬೆಳೆದದ್ದಕ್ಕೆ ಇದೂ ಒಂದು ಕಾರಣ.

ತಲೆಮಾರು ಎಂಬ ಮಾತು ಕಾರಿನ ಮಟ್ಟಿಗೆ ಏನು ಹೇಳುತ್ತದೆ? ಕಂಪನಿ ಕಾರಿನ ಅಡಿಪಾಯ, ಮೈಕಟ್ಟು, ಎಂಜಿನ್ ಎಲ್ಲವನ್ನೂ ಹೊಸದಾಗಿ ರೂಪಿಸಿ ಹಳೆ ಹೆಸರಲ್ಲೇ ಬಿಟ್ಟರೆ ಅದು ಹೊಸ ತಲೆಮಾರು. ದೀಪ, ಬಂಪರ್, ಸೀಟಿನ ಬಟ್ಟೆ ಮಾತ್ರ ಬದಲಿಸಿದರೆ ಅದು ಫೇಸ್‌ಲಿಫ್ಟ್, ಅಂದರೆ ಬರೀ ಮುಖ ತಿದ್ದಿದ್ದು. ಎಲ್‌ಎಸ್‌ಗೆ ಈವರೆಗೆ ಐದು ತಲೆಮಾರು: 1989, 1994, 2000, 2006, 2017.

ಅಗ್ಗದ ಕಾರು ಮಾಡುತ್ತಿದ್ದವರು ದುಬಾರಿ ಕಾರಿಗೆ ಇಳಿದದ್ದೇಕೆ?

1970ರ ದಶಕದಲ್ಲಿ ಎರಡು ಬಾರಿ ತೈಲದ ಬೆಲೆ ಗಗನಕ್ಕೇರಿತು. ಅಮೆರಿಕದ ಜನ ತಮ್ಮ ಭಾರೀ ಕಾರುಗಳನ್ನು ಬಿಟ್ಟು ಮೈಲೇಜ್ ಕೊಡುವ ಸಣ್ಣ ಜಪಾನಿ ಕಾರುಗಳತ್ತ ತಿರುಗಿದರು. ಅಲ್ಲಿನ ಕಾರ್ಖಾನೆಗಳಿಗೆ ಏಟು ಬಿತ್ತು. ಅಮೆರಿಕ ಒತ್ತಡ ಹೇರಿದ ಮೇಲೆ 1981ರಲ್ಲಿ ಜಪಾನ್ ಸರ್ಕಾರ ತಾನಾಗಿಯೇ ಒಂದು ಮಿತಿ ಹಾಕಿಕೊಂಡಿತು: ಅಮೆರಿಕಕ್ಕೆ ವರ್ಷಕ್ಕೆ 16.8 ಲಕ್ಷ ಕಾರಿಗಿಂತ ಹೆಚ್ಚು ಕಳಿಸುವುದಿಲ್ಲ. ಆಮೇಲೆ ಮಿತಿ ಸ್ವಲ್ಪ ಏರಿದರೂ ನಿಯಮ ಉಳಿಯಿತು.

ಈ ನಿಯಮದಿಂದ ಲೆಕ್ಕಾಚಾರವೇ ಬದಲಾಯಿತು. ಕಳಿಸಬಹುದಾದ ಕಾರಿನ ಸಂಖ್ಯೆ ಕಟ್ಟಿಹಾಕಿದ ಮೇಲೆ ಲಾಭ ಹೆಚ್ಚಿಸಲು ಉಳಿದ ದಾರಿ ಒಂದೇ: ಪ್ರತಿ ಕಾರಿನ ಮೇಲೂ ಹೆಚ್ಚು ದುಡಿಯುವುದು. ಸಣ್ಣ ಕಾರಿಗೂ ದೊಡ್ಡ ಕಾರಿಗೂ ಎಣಿಕೆಯಲ್ಲಿ ಒಂದೇ ತೂಕ. ಹಾಗಿದ್ದಮೇಲೆ ದೊಡ್ಡದನ್ನೇ ಕಳಿಸುವುದು ಮೇಲು.

1985ರ ಸೆಪ್ಟೆಂಬರಿನಲ್ಲಿ ಇನ್ನೊಂದು ಪೆಟ್ಟು ಬಿತ್ತು. ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ಶ್ರೀಮಂತ ದೇಶಗಳು ಕೂತು ಡಾಲರಿನ ಬೆಲೆ ಇಳಿಸುವ ಒಪ್ಪಂದ ಮಾಡಿಕೊಂಡವು. ಅದಕ್ಕೆ ಮುಂಚೆ ಒಂದು ಡಾಲರಿಗೆ ಸುಮಾರು 240 ಯೆನ್ ಇತ್ತು. 1987ರ ಕೊನೆಗೆ ಅದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಜಪಾನಿನಲ್ಲಿ 24 ಲಕ್ಷ ಯೆನ್ ಖರ್ಚು ಮಾಡಿ ತಯಾರಿಸಿದ ಕಾರು ಮೊದಲು ಅಮೆರಿಕದಲ್ಲಿ 10 ಸಾವಿರ ಡಾಲರಿನ ಸರಕು. ಯೆನ್ ಬಲಗೊಂಡ ಮೇಲೆ ಅದೇ ಕಾರು 20 ಸಾವಿರ ಡಾಲರಿನದ್ದು. ಅಗ್ಗ ಎಂಬ ಒಂದೇ ಬಲದ ಮೇಲೆ ಮಾರುವ ಕಾಲ ಮುಗಿಯುತ್ತ ಬಂದಿತ್ತು.

ಹೋಂಡಾ 1986ರಲ್ಲಿ ಅಕ್ಯುರಾ ಎಂಬ ಹೊಸ ಹೆಸರಿನಲ್ಲಿ ಅಮೆರಿಕದ ಮೇಲ್ವರ್ಗದ ಮಾರುಕಟ್ಟೆಗೆ ಇಳಿಯಿತು. ನಿಸ್ಸಾನ್ 1989ರಲ್ಲಿ ಇನ್ಫಿನಿಟಿ ತಂದಿತು. ಟೊಯೊಟಾದ ಉತ್ತರ ಲೆಕ್ಸಸ್. ಆದರೆ ಆ ಕೆಲಸ ಆರು ವರ್ಷದ ಹಿಂದೆಯೇ ಗುಟ್ಟಾಗಿ ಶುರುವಾಗಿತ್ತು.

ಆರು ವರ್ಷದ ಗುಟ್ಟಿನ ಕೆಲಸ

1983ರ ಆಗಸ್ಟ್‌ನಲ್ಲಿ ಟೊಯೊಟಾ ಅಧ್ಯಕ್ಷ ಐಜಿ ಟೊಯೊಡಾ ಹಿರಿಯ ಅಧಿಕಾರಿಗಳನ್ನು ಕೂರಿಸಿಕೊಂಡು ಕೇಳಿದ ಪ್ರಶ್ನೆ: ಲೋಕದ ಅತ್ಯುತ್ತಮ ಕಾರುಗಳಿಗೆ ಸವಾಲು ಹಾಕುವಂಥ ಕಾರು ನಾವು ಮಾಡಬಲ್ಲೆವೆ? ಹೌದು ಎಂದ ಮೇಲೆ ಯೋಜನೆಗೆ ಎಫ್1 ಎಂಬ ಸಂಕೇತನಾಮ ಬಿತ್ತು. ಮುಖ್ಯ ಎಂಜಿನಿಯರ್ ಆಗಿ ಇಚಿರೊ ಸುಜುಕಿ ಬಂದರು. ಸುಜುಕಿ ಎಂಬುದು ಜಪಾನಿನಲ್ಲಿ ಬಹಳ ಸಾಮಾನ್ಯವಾದ ಮನೆತನದ ಹೆಸರು. ಸುಜುಕಿ ಕಂಪನಿಗೂ ಇವರಿಗೂ ಸಂಬಂಧವಿಲ್ಲ.

ಸುಮಾರು 1,400 ಎಂಜಿನಿಯರುಗಳು, 2,300 ತಂತ್ರಜ್ಞರು, 450ರಷ್ಟು ಪರೀಕ್ಷಾ ಕಾರುಗಳು. ಖರ್ಚು ನೂರು ಕೋಟಿ ಡಾಲರ್ ದಾಟಿತು ಎನ್ನುತ್ತಾರೆ. 1985ರಲ್ಲಿ ಒಂದು ತಂಡ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್‌ನಲ್ಲಿ ಬಾಡಿಗೆ ಮನೆ ಹಿಡಿದು ಅಲ್ಲಿನ ಸಿರಿವಂತರು ಹೇಗೆ ಬದುಕುತ್ತಾರೆ, ಕಾರಿನಿಂದ ಏನು ಬಯಸುತ್ತಾರೆ ಎಂದು ಗಮನಿಸುತ್ತ ಕೂತಿತು.

ಸುಜುಕಿ ತಮ್ಮ ತಂಡದ ಮುಂದಿಟ್ಟ ಗುರಿಗಳನ್ನು ನೋಡಿದರೆ ಕೆಲಸದ ಕಷ್ಟ ಅರಿವಾಗುತ್ತದೆ. ಗಂಟೆಗೆ 250 ಕಿಲೋಮೀಟರ್ ವೇಗ ಬೇಕು, ಆದರೂ ಪೆಟ್ರೋಲ್ ಕಡಿಮೆ ಕುಡಿಯಬೇಕು. ಒಳಗೆ ನಿಶ್ಶಬ್ದವಾಗಿರಬೇಕು, ಆದರೂ ಕಾರು ಹಗುರವಿರಬೇಕು. ನೋಡಲು ಗಂಭೀರವಾಗಿರಬೇಕು, ಆದರೂ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಇವು ಒಂದಕ್ಕೊಂದು ಎದುರಾದ ಬೇಡಿಕೆಗಳು. ವೇಗಕ್ಕೆ ದೊಡ್ಡ ಎಂಜಿನ್ ಹಾಕಿದರೆ ಮೈಲೇಜ್ ಬೀಳುತ್ತದೆ. ಸದ್ದು ತಡೆಯಲು ದಪ್ಪ ಹಾಳೆ ಹೊದಿಸಿದರೆ ತೂಕ ಏರುತ್ತದೆ. ಮೈಲೇಜ್ ವಿಷಯದಲ್ಲಿ ಇನ್ನೊಂದು ಗಡಿಯೂ ಇತ್ತು. ಗ್ಯಾಲನ್ನಿಗೆ 22.5 ಮೈಲಿಗಿಂತ, ಅಂದರೆ ಲೀಟರಿಗೆ ಸುಮಾರು 9.6 ಕಿಲೋಮೀಟರಿಗಿಂತ ಕಡಿಮೆ ಕೊಡುವ ಕಾರುಗಳ ಮೇಲೆ ಅಮೆರಿಕ ಸರ್ಕಾರ ದಂಡದಂಥ ತೆರಿಗೆ ಹಾಕುತ್ತಿತ್ತು. ಆ ತೆರಿಗೆಯನ್ನು ತಪ್ಪಿಸಿಕೊಳ್ಳಲೇಬೇಕಿತ್ತು.

ಈ ಎದುರು ಬೇಡಿಕೆಗಳಲ್ಲಿ ಒಂದನ್ನು ಬಿಟ್ಟುಕೊಟ್ಟು ಇನ್ನೊಂದನ್ನು ಪಡೆಯುವುದು ಎಂಜಿನಿಯರಿಂಗ್‌ನಲ್ಲಿ ಎಲ್ಲರೂ ಮಾಡುವ ಕೆಲಸ. ಸುಜುಕಿ ಅದಕ್ಕೆ ಒಪ್ಪಲಿಲ್ಲ. ಎಲ್‌ಎಸ್ ಎಲ್‌ಎಸ್ ಆದದ್ದು ಈ ಹಟದಿಂದ ಎಂದೇ ನನ್ನ ಅಭಿಪ್ರಾಯ.

ಕಾರಿನೊಳಗಿನ ಸದ್ದು ಎಲ್ಲಿಂದ ಬರುತ್ತದೆ?

ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯುತ್ತಾರೆ. ಈ ಮಾಪನ ಕಿಲೋ, ಮೀಟರಿನ ಹಾಗೆ ನೇರವಾಗಿ ಏರುವುದಿಲ್ಲ. 3 ಡೆಸಿಬಲ್ ಹೆಚ್ಚಾದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ, 10 ಹೆಚ್ಚಾದರೆ ಹತ್ತು ಪಟ್ಟು. ನಮ್ಮ ಕಿವಿಗೆ ಮಾತ್ರ 10 ಡೆಸಿಬಲ್ ಏರಿಕೆ ಸುಮಾರು ಎರಡು ಪಟ್ಟು ಜೋರು ಎನಿಸುತ್ತದೆ. ಎದುರುಬದುರು ಕೂತು ಮಾಮೂಲಿ ದನಿಯಲ್ಲಿ ಮಾತಾಡಿದರೆ ಸುಮಾರು 60 ಡೆಸಿಬಲ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕಾರಿನ ಒಳಗೆ 58 ಡೆಸಿಬಲ್ ಇರಬೇಕು ಎಂಬುದು ಸುಜುಕಿ ಇಟ್ಟ ಗುರಿ. ಅಂದಿನ ಜರ್ಮನ್ ಕಾರುಗಳಿಗಿಂತ ಇದು ಕೆಲವೇ ಡೆಸಿಬಲ್ ಕಡಿಮೆ. ಕಾಗದದ ಮೇಲೆ ಅಲ್ಪ ಅನಿಸಿದರೂ, ಮೂರು ಡೆಸಿಬಲ್ ಇಳಿಸುವುದೆಂದರೆ ಸದ್ದಿನ ಶಕ್ತಿಯನ್ನು ಅರ್ಧಕ್ಕೆ ತರುವುದು.

ಈ ಸದ್ದಿಗೆ ಮೂರು ಮೂಲಗಳಿವೆ: ಎಂಜಿನ್ ಮತ್ತು ಅದರ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಭಾಗಗಳು, ರಸ್ತೆಗೆ ಉಜ್ಜುವ ಟೈರು, ಮೈಗೆ ಬಡಿಯುವ ಗಾಳಿ. ನಿಂತ ಕಾರಿನಲ್ಲಿ ಎಂಜಿನ್ನಿನದೇ ಸದ್ದು. ಹೆದ್ದಾರಿಯಲ್ಲಿ ಗಾಳಿಯದೇ ದರ್ಬಾರು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ 50ರಿಂದ 100ಕ್ಕೆ ಹೋದರೆ ತಡೆ ನಾಲ್ಕು ಪಟ್ಟು. ಕಾರಿನ ಆಕಾರ ಗಾಳಿಯಲ್ಲಿ ಎಷ್ಟು ಸಲೀಸಾಗಿ ಜಾರುತ್ತದೆ ಎಂದು ಹೇಳುವ ಒಂದು ಅಂಕಿಯಿದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಮೊದಲ ಎಲ್‌ಎಸ್ ಮುಟ್ಟಿದ ಅಂಕಿ 0.29. ಆ ಕಾಲದ ದೊಡ್ಡ ಸೆಡಾನಿಗೆ ಅದು ಬೆರಗಿನ ಸಾಧನೆ. ಗಾಜುಗಳನ್ನು ಮೈಗೆ ಸಮನಾಗಿ ಕೂರಿಸಿದ್ದು, ಕಾರಿನ ಅಡಿಭಾಗಕ್ಕೂ ಹೊದಿಕೆ ಹಾಕಿದ್ದು ಇದಕ್ಕಾಗಿಯೇ.

ಮುಚ್ಚುವುದೋ, ಹುಟ್ಟದಂತೆ ಮಾಡುವುದೋ

ಅಡುಗೆಮನೆಯ ಮಿಕ್ಸಿ ವಿಪರೀತ ಸದ್ದು ಮಾಡಿದರೆ ಎರಡು ದಾರಿಗಳಿವೆ. ಕೆಳಗೆ ದಪ್ಪ ಬಟ್ಟೆ ಮಡಚಿ ಹಾಸಬಹುದು. ಇಲ್ಲವೇ ಜಾರಿನ ತಳದ ಕಪ್ಲರ್ ಸವೆದಿದೆಯೇ, ಬ್ಲೇಡು ಅಲುಗಾಡುತ್ತಿದೆಯೇ ಎಂದು ನೋಡಿ ಅದನ್ನೇ ಸರಿಮಾಡಬಹುದು. ಬಟ್ಟೆ ಹಾಸುವುದು ಸುಲಭ; ಎರಡನೆಯದಕ್ಕೆ ಮಿಕ್ಸಿ ಬಿಚ್ಚಬೇಕು. ಟೊಯೊಟಾ ತಂಡ ಹಿಡಿದದ್ದು ಎರಡನೆಯ ದಾರಿ: ಸದ್ದು ಹುಟ್ಟುವ ಜಾಗದಲ್ಲೇ ಅದನ್ನು ತಡೆಯಬೇಕು.

ಎಂಜಿನ್ನಿನಲ್ಲಿ ಸದ್ದು ಹುಟ್ಟುವುದು ಎರಡು ಭಾಗಗಳ ನಡುವೆ ಕೂದಲೆಳೆಯಷ್ಟು ಸಡಿಲ ಇರುವಲ್ಲಿ, ತಿರುಗುವ ವಸ್ತುವಿನ ತೂಕ ಒಂದು ಕಡೆಗೆ ಚೂರು ಹೆಚ್ಚಿರುವಲ್ಲಿ. ಯಾವ ಕಾರ್ಖಾನೆಯಲ್ಲೂ ಎರಡು ಬಿಡಿಭಾಗಗಳು ತದ್ರೂಪ ಇರುವುದಿಲ್ಲ. ಇಷ್ಟರವರೆಗೆ ವ್ಯತ್ಯಾಸ ಇರಬಹುದು ಎಂದು ಒಂದು ಮಿತಿ ಇಟ್ಟಿರುತ್ತಾರೆ. ಸುಜುಕಿ ಆ ಮಿತಿಯನ್ನೇ ಬಿಗಿಗೊಳಿಸಿ ಎಂದರು. ಎಂಜಿನ್ ತಯಾರಿಸುವವರು ಮೊದಲು ಹಿಂಜರಿದರು. ಲಕ್ಷಗಟ್ಟಲೆ ಭಾಗ ತಯಾರಿಸುವ ಯಂತ್ರಗಳಿಗೆ ಆ ನಿಖರತೆ ಇನ್ನೂ ಬಂದಿರಲಿಲ್ಲ. ಹಾಗಾದರೆ ಒಂದೇ ಒಂದನ್ನು ಮಾಡಿ ತೋರಿಸಿ ಎಂಬಲ್ಲಿಂದ ಆರಂಭಿಸಿ, ಆಮೇಲೆ ಸಾಲಾಗಿ ತಯಾರಿಸುವ ಹಂತಕ್ಕೆ ಅದನ್ನು ತಂದರು.

ಎಂಜಿನ್ನಿನ ಬಗೆಯೂ ಮುಖ್ಯ. ಸಿಲಿಂಡರ್ ಎಂದರೆ ಪೆಟ್ರೋಲು ಉರಿದು ಪಿಸ್ಟನ್ನನ್ನು ತಳ್ಳುವ ಕೊಳವೆ. ಪ್ರತಿ ಸಿಲಿಂಡರ್ ಎರಡು ಸುತ್ತಿಗೆ ಒಮ್ಮೆ ತಳ್ಳುತ್ತದೆ. ಮಾಮೂಲಿ ಕಾರಿನ ನಾಲ್ಕು ಸಿಲಿಂಡರಿನಲ್ಲಿ ಒಂದು ಸುತ್ತಿಗೆ ಎರಡು ತಳ್ಳು. ಎಂಟು ಇದ್ದರೆ ನಾಲ್ಕು. ತಳ್ಳುಗಳು ಹತ್ತಿರ ಹತ್ತಿರ ಬಂದಷ್ಟೂ ಓಟ ನಯ. ಮೊದಲ ತಲೆಮಾರಿನ ಎಲ್‌ಎಸ್ 400ಕ್ಕೆ ಹಾಕಿದ್ದು ಅಲ್ಯುಮಿನಿಯಂನ 4 ಲೀಟರ್ ವಿ8 ಎಂಜಿನ್. ವಿ8 ಎಂದರೆ ನಾಲ್ಕು ನಾಲ್ಕು ಸಿಲಿಂಡರಿನ ಎರಡು ಸಾಲುಗಳನ್ನು ಇಂಗ್ಲಿಷ್ ವಿ ಆಕಾರದಲ್ಲಿ ಜೋಡಿಸಿದ್ದು. ಶಕ್ತಿ 250 ಅಶ್ವಶಕ್ತಿ.

ಇನ್ನೊಂದು ಕೆಲಸ ಕಣ್ಣಿಗೇ ಬೀಳುವುದಿಲ್ಲ. ಮುಂದಿನ ಎಂಜಿನ್ನಿನಿಂದ ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಉದ್ದನೆಯ ಕಂಬಿ ಸಾಮಾನ್ಯವಾಗಿ ನಡುವೆ ಕೋನವಾಗಿ ಬಾಗಿರುತ್ತದೆ. ಬಾಗಿದ ಕಡೆ ತಿರುಗುವಾಗ ಕಂಪನ ಹುಟ್ಟುತ್ತದೆ. ಎಲ್‌ಎಸ್‌ನಲ್ಲಿ ಎಂಜಿನ್, ಗೇರ್ ಬಾಕ್ಸ್, ಕಂಬಿ, ಶಕ್ತಿಯನ್ನು ಹಿಂದಿನ ಎರಡು ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್ ನಾಲ್ಕನ್ನೂ ನೇರ ಗೆರೆಯಲ್ಲಿ ಕೂರಿಸಲು ಕಾರಿನ ಅಡಿಭಾಗವನ್ನೇ ಅದಕ್ಕೆ ಹೊಂದಿಸಿದರು. ಇಷ್ಟೆಲ್ಲ ಆದಮೇಲೂ ಉಳಿದ ಚೂರುಪಾರು ಸದ್ದಿಗೆ ಎಂಜಿನ್ ಮತ್ತು ಚಾಲಕನ ನಡುವಿನ ಗೋಡೆಯಲ್ಲಿ ಎರಡು ಉಕ್ಕಿನ ಹಾಳೆಗಳ ನಡುವೆ ಮೆತ್ತನೆಯ ಪದರ ಸೇರಿಸಿದರು. ಹೊದಿಕೆಯ ಸರದಿ ಬಂದದ್ದು ಕೊನೆಯಲ್ಲಿ.

1989ರ ಜನವರಿಯಲ್ಲಿ ಡೆಟ್ರಾಯಿಟ್ ಷೋನಲ್ಲಿ ಕಾರು ಹೊರಬಿತ್ತು, ಸೆಪ್ಟೆಂಬರಿನಲ್ಲಿ ಮಾರಾಟಕ್ಕೆ ಬಂತು. ಬಾನೆಟ್ಟಿನ ಮೇಲೆ ಗಾಜಿನ ಲೋಟಗಳನ್ನು ಗೋಪುರದಂತೆ ಜೋಡಿಸಿ, ಕಾರನ್ನು ರೋಲರುಗಳ ಮೇಲೆ ಭಾರೀ ವೇಗದಲ್ಲಿ ಓಡಿಸಿದರೂ ಒಂದೂ ಬೀಳದ ಜಾಹೀರಾತು ಅಮೆರಿಕದಲ್ಲಿ ಮನೆಮಾತಾಯಿತು. ಬೆಲೆ 35 ಸಾವಿರ ಡಾಲರ್. ಅದೇ ಅಳತೆಯ ಜರ್ಮನ್ ಕಾರುಗಳಿಗಿಂತ ಎಷ್ಟೋ ಕಡಿಮೆ. ಮೊದಲ ಪೂರ್ತಿ ವರ್ಷ 1990ರಲ್ಲಿ ಅಮೆರಿಕವೊಂದರಲ್ಲೇ 40 ಸಾವಿರಕ್ಕೂ ಹೆಚ್ಚು ಎಲ್‌ಎಸ್ ಮಾರಾಟವಾದವು. ಜಪಾನಿನಲ್ಲಿ ಆಗ ಲೆಕ್ಸಸ್ ಎಂಬ ಹೆಸರೇ ಇರಲಿಲ್ಲ. ಅಲ್ಲಿ ಇದೇ ಕಾರು ಟೊಯೊಟಾ ಸೆಲ್ಸಿಯರ್ ಆಗಿ, ಷೇರುಪೇಟೆ ಉಬ್ಬಿ ತುದಿ ಮುಟ್ಟಿದ್ದ ದಿನಗಳಲ್ಲಿ, ಷೋರೂಮಿಗೆ ಬಂತು.

ಕೆಲವೇ ದೂರು, ಎಂಟು ಸಾವಿರ ಕಾರು

ಮಾರಾಟ ಶುರುವಾಗಿ ಮೂರು ತಿಂಗಳಾಗುವಷ್ಟರಲ್ಲಿ, 1989ರ ಡಿಸೆಂಬರಿನಲ್ಲಿ, ಲೆಕ್ಸಸ್ ತಾನು ಮಾರಿದ ಸುಮಾರು 8,000 ಎಲ್‌ಎಸ್ ಕಾರುಗಳನ್ನೂ ರಿಪೇರಿಗೆ ವಾಪಸ್ ಕರೆಯಿತು. ಇದಕ್ಕೆ ರಿಕಾಲ್ ಎನ್ನುತ್ತಾರೆ. ಬಂದಿದ್ದ ದೂರು ಕೆಲವೇ ಕೆಲವು: ವೈರಿಂಗ್ ಬಗ್ಗೆ, ಬ್ರೇಕ್ ದೀಪ ಬಿಸಿಯಾದದ್ದರ ಬಗ್ಗೆ. ಹೊಸ ಬ್ರಾಂಡಿಗೆ ಇದು ಮುಳುಗುವ ಹೊತ್ತು. ಡೀಲರುಗಳು ಗ್ರಾಹಕರ ಮನೆಗೇ ಹೋಗಿ ಕಾರು ತಂದು, ಸರಿಮಾಡಿ, ತೊಳೆದು, ಟ್ಯಾಂಕು ತುಂಬಿಸಿ ವಾಪಸ್ ಬಿಟ್ಟರು. ಇಡೀ ಕೆಲಸ ಮೂರು ವಾರದೊಳಗೆ ಮುಗಿಯಿತು. ಲೆಕ್ಸಸ್‌ನ ಸರ್ವೀಸ್ ಬಗ್ಗೆ ಇಂದಿಗೂ ಇರುವ ಒಳ್ಳೆಯ ಹೆಸರಿಗೆ ಬುನಾದಿ ಬಿದ್ದದ್ದು ಈ ವಾರಗಳಲ್ಲಿ.

ಎರಡನೆಯದು, ಮೂರನೆಯದು

1994ರ ಕೊನೆಗೆ ಬಂದ ಎರಡನೆಯ ತಲೆಮಾರನ್ನು ಮೊದಲನೆಯದರ ಪಕ್ಕ ನಿಲ್ಲಿಸಿದರೆ ವ್ಯತ್ಯಾಸ ಹುಡುಕಬೇಕು. ಒಳಗೆ ಮಾತ್ರ ಬಹುಪಾಲು ಭಾಗಗಳು ಹೊಸವು, ತೂಕವೂ ಇಳಿದಿತ್ತು. 1997ರಲ್ಲಿ ಎಂಜಿನ್ನಿನ ವಾಲ್ವುಗಳು ತೆರೆಯುವ ಸಮಯವನ್ನು ವೇಗಕ್ಕೆ ತಕ್ಕಂತೆ ಬದಲಿಸುವ ವ್ಯವಸ್ಥೆ ಸೇರಿತು. ಗಾಳಿ–ಪೆಟ್ರೋಲಿನ ಮಿಶ್ರಣ ಒಳಗೆ ಬರುವ, ಹೊಗೆ ಹೊರಹೋಗುವ ಬಾಗಿಲುಗಳೇ ವಾಲ್ವುಗಳು. ನಿಧಾನ ಹೋಗುವಾಗ ಅವು ತೆರೆಯಬೇಕಾದ ಹೊತ್ತು ಬೇರೆ, ಜೋರಾಗಿ ಹೋಗುವಾಗ ಬೇರೆ. ಅದೇ 4 ಲೀಟರಿನಿಂದ 290 ಅಶ್ವಶಕ್ತಿ ಬಂತು. ಬಾಳಿಕೆಗೆ ಒಂದು ಸಾಕ್ಷಿ: 1996ರ ಒಂದು ಎಲ್‌ಎಸ್ 400 ಅಮೆರಿಕದಲ್ಲಿ ಹತ್ತು ಲಕ್ಷ ಮೈಲಿ, ಅಂದರೆ ಸುಮಾರು 16 ಲಕ್ಷ ಕಿಲೋಮೀಟರ್ ಓಡಿತು. ಬಿಗಿಯಾದ ಅಳತೆಯಲ್ಲಿ ತಯಾರಿಸಿದ ಭಾಗಗಳು ಒಂದನ್ನೊಂದು ಕಡಿಮೆ ಸವೆಸುತ್ತವೆ. ಸದ್ದಿಗಾಗಿ ಮಾಡಿದ ಕೆಲಸ ಬಾಳಿಕೆಗೂ ಒದಗಿತು.

2000ದ ಎಲ್‌ಎಸ್ 430ರಲ್ಲಿ ಎಂಜಿನ್ 4.3 ಲೀಟರಿಗೆ ಏರಿತು, ಗಾಳಿಯ ಅಂಕಿ 0.26ಕ್ಕೆ ಇಳಿಯಿತು. ಸ್ಪ್ರಿಂಗಿನ ಬದಲು ಗಾಳಿ ತುಂಬಿದ ಸಸ್ಪೆನ್ಷನ್ ಇದ್ದ ಮಾಡೆಲ್ಲಿನಲ್ಲಿ 0.25. ಮೂವರು ಆರಾಮಾಗಿ ಕೂರುವ ಹಿಂದಿನ ಸೀಟು, ಮುಂದಿನ ಗಾಡಿಯ ವೇಗ ನೋಡಿ ತಾನೇ ನಿಧಾನವಾಗುವ ಲೇಸರ್ ಕ್ರೂಸ್ ಕಂಟ್ರೋಲ್ ಬಂದವು. ಓಡಿಸುವ ಮಜಾ ಬೇಕೆಂದವರು ಇದನ್ನು ಮೆಚ್ಚಲಿಲ್ಲ. ಮೆತ್ತಗೆ ತೇಲುತ್ತದೆ, ರಸ್ತೆ ಕೈಗೆ ತಿಳಿಯುವುದಿಲ್ಲ ಎಂದರು. ದೂರು ನಿಜವೇ. ಹಿಂದೆ ಕೂತವರಿಗೆ ಮಾತ್ರ ಅದೇ ವರ.

ಎಂಟು ಗೇರು ಮತ್ತು ಹೈಬ್ರಿಡ್

ನಾಲ್ಕನೆಯ ತಲೆಮಾರಿನ ಎಲ್‌ಎಸ್ 460 (2006) ಲೋಕದಲ್ಲೇ ಮೊದಲ ಬಾರಿಗೆ ಎಂಟು ಗೇರಿನ ಆಟೊಮ್ಯಾಟಿಕ್ ಪಡೆಯಿತು. ಅಷ್ಟು ಗೇರು ಯಾಕೆ? ಯಾವುದೇ ಎಂಜಿನ್ನಿಗೆ ತನಗೆ ಹಿತವಾದ ಒಂದು ಸುತ್ತಿನ ವೇಗವಿರುತ್ತದೆ. ಅಲ್ಲಿ ಅದು ಕಡಿಮೆ ಕುಡಿದು ಕಡಿಮೆ ಸದ್ದು ಮಾಡಿ ಹೆಚ್ಚು ದುಡಿಯುತ್ತದೆ. ಗೇರುಗಳು ಹೆಚ್ಚಿದ್ದಷ್ಟೂ ಕಾರು ಯಾವ ವೇಗದಲ್ಲಿದ್ದರೂ ಎಂಜಿನ್ನನ್ನು ಆ ಹಿತದ ಸುತ್ತಿನ ಹತ್ತಿರ ಇಡಬಹುದು. ಒಂದು ಗೇರಿಗೂ ಮುಂದಿನದಕ್ಕೂ ಅಂತರ ಕಡಿಮೆಯಾದ್ದರಿಂದ ಬದಲಾಗುವಾಗ ಜರ್ಕ್ ತಿಳಿಯುವುದಿಲ್ಲ. 2007ರಲ್ಲಿ ಈ ಕಾರು ವರ್ಲ್ಡ್ ಕಾರ್ ಆಫ್ ದಿ ಇಯರ್ ಪ್ರಶಸ್ತಿ ಗೆದ್ದಿತು. ಈ ಹೊತ್ತಿಗೆ ಜಪಾನಿನಲ್ಲೂ ಲೆಕ್ಸಸ್ ಬ್ರಾಂಡ್ ಬಂದಿದ್ದರಿಂದ ಸೆಲ್ಸಿಯರ್ ಹೆಸರು ಹೋಗಿ ಅಲ್ಲೂ ಎಲ್‌ಎಸ್ ಆಯಿತು.

2007ರಲ್ಲೇ ಬಂದ ಎಲ್‌ಎಸ್ 600ಎಚ್ ಎಲ್‌ನಲ್ಲಿ 5 ಲೀಟರ್ ವಿ8 ಜೊತೆಗೆ ವಿದ್ಯುತ್ ಮೋಟಾರು ಸೇರಿತು. ಹೈಬ್ರಿಡ್ ಎಂದರೆ ಇದೇ: ಒಂದೇ ಕಾರಿನಲ್ಲಿ ಪೆಟ್ರೋಲ್ ಎಂಜಿನ್ನೂ ಮೋಟಾರೂ ಎರಡೂ ಇರುವುದು. ಬ್ರೇಕ್ ಹಾಕಿದಾಗ ಮೋಟಾರು ಡೈನಮೋದಂತೆ ತಿರುಗಿ ಬ್ಯಾಟರಿ ತುಂಬಿಸುತ್ತದೆ. ಹೊರಡುವಾಗ, ಸಿಗ್ನಲ್ಲಿನಲ್ಲಿ ತೆವಳುವಾಗ ಆ ವಿದ್ಯುತ್ತಿನಿಂದಲೇ ಕಾರು ಸಾಗುತ್ತದೆ. ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವ ಅಗತ್ಯವಿಲ್ಲ. ಎಂಜಿನ್ನಿನ ಶಕ್ತಿ ಎಷ್ಟು ಚಕ್ರಕ್ಕೆ, ಎಷ್ಟು ವಿದ್ಯುತ್ ಉತ್ಪಾದನೆಗೆ ಎಂದು ಕ್ಷಣಕ್ಷಣ ಹಂಚುವುದು ಒಂದು ಹಲ್ಲುಚಕ್ರದ ಗುಂಪು: ನಡುವೆ ಒಂದು, ಸುತ್ತ ಕೆಲವು, ಹೊರಗೊಂದು ಬಳೆ. 1997ರ ಟೊಯೊಟಾ ಪ್ರಿಯಸ್‌ನಲ್ಲಿ ಬಂದ ತತ್ವವೇ ಇದು; ಇಂದಿನ ಇನ್ನೋವಾ ಹೈಕ್ರಾಸ್ ಹೈಬ್ರಿಡ್‌ನಲ್ಲೂ ಅದೇ ತತ್ವ.

ಸದ್ದಿನ ದೃಷ್ಟಿಯಿಂದ ಹೈಬ್ರಿಡ್ ಒಂದು ದೊಡ್ಡ ಹೆಜ್ಜೆ. ಎಂಜಿನ್ನಿನ ಸದ್ದನ್ನು ಮೂಲದಲ್ಲಿ ತಡೆಯುವ ಕೊನೆಯ ಉಪಾಯ ಎಂಜಿನ್ನನ್ನೇ ನಿಲ್ಲಿಸುವುದು. ಟ್ರಾಫಿಕ್ಕಿನಲ್ಲಿ 600ಎಚ್ ಅದನ್ನು ಮಾಡಿತು. ಆರು ಲೀಟರ್ ಎಂಜಿನ್ನಿನಷ್ಟು ಬಲ ಎಂದು ಸೂಚಿಸಲು 600. ಒಟ್ಟು ಶಕ್ತಿ 438 ಅಶ್ವಶಕ್ತಿ. ಮುಂದಿನ ದೀಪಕ್ಕೆ ಎಲ್‌ಇಡಿ ಬಳಸಿದ ಮೊದಲ ಕಾರೂ ಇದೇ. ಆದರೆ ಬ್ಯಾಟರಿ ಡಿಕ್ಕಿಯ ಜಾಗ ತಿಂದಿತು, ತೂಕ ಏರಿತು, ಅಮೆರಿಕದಲ್ಲಿ ಬೆಲೆ 1,04,000 ಡಾಲರಿಗೆ ಹೋಯಿತು. ಅಗ್ಗಕ್ಕೆ ಕೊಟ್ಟು ಜರ್ಮನರನ್ನು ಸೋಲಿಸಿದ 1989ರ ಲೆಕ್ಕ ಇಲ್ಲಿಗೆ ಹಿಂದೆ ಬಿತ್ತು.

ಐದನೆಯದು: ವಿ8 ಹೋಯಿತು, ಕೈಕೆಲಸ ಬಂತು

2017ರ ಎಲ್‌ಎಸ್ 500ರಲ್ಲಿ ದೊಡ್ಡ ಬದಲಾವಣೆ ಬಾನೆಟ್ಟಿನ ಕೆಳಗಿತ್ತು. ಎಂಟು ಸಿಲಿಂಡರಿನ ಜಾಗಕ್ಕೆ ಆರು ಬಂದವು: 3.5 ಲೀಟರ್ ವಿ6, ಜೊತೆಗೆ ಎರಡು ಟರ್ಬೊ. ಹೊರಹೋಗುವ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುವ ಪಂಖವೇ ಟರ್ಬೊ. ಗಾಳಿ ಹೆಚ್ಚಾದರೆ ಅಷ್ಟು ಹೆಚ್ಚು ಪೆಟ್ರೋಲ್ ಉರಿಸಬಹುದು. ಹಾಗಾಗಿ ಚಿಕ್ಕ ಎಂಜಿನ್ನಿನಿಂದಲೇ 416 ಅಶ್ವಶಕ್ತಿ. ಹೊಗೆ ನಿಯಮಗಳು ಎಲ್ಲೆಡೆ ಬಿಗಿಯಾಗಿದ್ದರಿಂದ ಈ ದಾರಿ ಅನಿವಾರ್ಯವಾಗಿತ್ತು. ಒಂದು ಸುತ್ತಿಗೆ ನಾಲ್ಕರ ಬದಲು ಮೂರು ತಳ್ಳು ಎಂಬುದು ನಯದ ವಿಷಯದಲ್ಲಿ ನಷ್ಟವೇ. ಹಳೆ ಎಲ್‌ಎಸ್ ಪ್ರಿಯರು ಅದನ್ನು ಗುರುತಿಸಿದರು.

ಹೈಬ್ರಿಡ್ ಮಾಡೆಲ್ ಎಲ್‌ಎಸ್ 500ಎಚ್‌ನಲ್ಲಿ ಇನ್ನೊಂದು ತಿದ್ದುಪಡಿಯಾಯಿತು. ಹಳೆ ಹೈಬ್ರಿಡ್‌ಗಳಲ್ಲಿ ಜೋರಾಗಿ ಒತ್ತಿದರೆ ಎಂಜಿನ್ ಮೊದಲು ಅರಚುತ್ತದೆ, ಕಾರು ಆಮೇಲೆ ಏಳುತ್ತದೆ. ಸದ್ದಿಗೂ ವೇಗಕ್ಕೂ ತಾಳ ಕೂಡುವುದಿಲ್ಲ. ಹೈಬ್ರಿಡ್ ವ್ಯವಸ್ಥೆಯ ಹಿಂದೆ ನಾಲ್ಕು ಗೇರಿನ ಒಂದು ಪೆಟ್ಟಿಗೆ ಸೇರಿಸಿ, ಹತ್ತು ಗೇರು ಇದ್ದಂತೆ ನಡೆದುಕೊಳ್ಳುವ ಹಾಗೆ ಮಾಡಿದರು. ಸದ್ದು ವೇಗದ ಜೊತೆಯಲ್ಲೇ ಏರತೊಡಗಿತು.

ಒಳಾಂಗಣಕ್ಕೆ ಜಪಾನಿನ ಕೈಕಸುಬುಗಳು ಬಂದವು. ಬಾಗಿಲಿನ ಒಳಬದಿಗೆ ಕೈಯಿಂದಲೇ ನಿರಿಗೆ ಹಿಡಿದ ಬಟ್ಟೆ, ಕಿರಿಕೊ ಎಂಬ ಕೆತ್ತನೆಯ ಗಾಜಿನ ಅಲಂಕಾರ. ಲೆಕ್ಸಸ್ ಕಾರ್ಖಾನೆಗಳಲ್ಲಿ ತಕುಮಿ ಎಂದು ಕರೆಸಿಕೊಳ್ಳುವ ಹಿರಿಯ ಕುಶಲಕರ್ಮಿಗಳಿದ್ದಾರೆ. ಆ ಸ್ಥಾನಕ್ಕೆ ಏರುವವರಿಗೆ ಒಂದು ಪರೀಕ್ಷೆಯಿದೆ: ಕಾಗದದ ಬೆಕ್ಕನ್ನು ಮಡಚಬೇಕು, ಒಂದೇ ಕೈಯಲ್ಲಿ, ಅದೂ ರೂಢಿಯಿಲ್ಲದ ಕೈಯಲ್ಲಿ. ಬೆರಳ ತುದಿಯಲ್ಲಿ ಕೂದಲೆಳೆಯಷ್ಟು ಏರುಪೇರನ್ನೂ ಹಿಡಿಯಬಲ್ಲವರೇ ಐಚಿ ಪ್ರಾಂತ್ಯದ ತಹಾರಾ ಕಾರ್ಖಾನೆಯಿಂದ ಹೊರಬೀಳುವ ಎಲ್‌ಎಸ್‌ಗಳನ್ನು ಸವರಿ ನೋಡುತ್ತಾರೆ. 2018ರಲ್ಲಿ ಎಲ್‌ಎಸ್ 500ಎಚ್ ಭಾರತಕ್ಕೂ ಬಂತು. ಷೋರೂಂ ಬೆಲೆ 1.77 ಕೋಟಿ ರೂಪಾಯಿಯಿಂದ ಆರಂಭ. ಪೂರ್ತಿ ತಯಾರಾಗಿ ಹಡಗಿನಲ್ಲಿ ಬರುವ ದುಬಾರಿ ಕಾರಿಗೆ ಆಗ ಅದರ ಬೆಲೆಯಷ್ಟೇ ಆಮದು ಸುಂಕವಿತ್ತು.

ಬಿಡದಿಯ ತಮ್ಮ

ಎಲ್‌ಎಸ್ ಮತ್ತು ಇಎಸ್ ಎರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಎಲ್‌ಎಸ್‌ನಲ್ಲಿ ಎಂಜಿನ್ ಉದ್ದಕ್ಕೆ ಕೂತು ಹಿಂದಿನ ಚಕ್ರಗಳನ್ನು ತಿರುಗಿಸುತ್ತದೆ. ಇಎಸ್‌ನಲ್ಲಿ ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರಗಳನ್ನೇ ತಿರುಗಿಸುತ್ತದೆ. 1989ರ ಮೊದಲ ಇಎಸ್ 250 ಹುಟ್ಟಿದ್ದು ಟೊಯೊಟಾ ಕ್ಯಾಮ್ರಿಯ ಅಡಿಪಾಯದ ಮೇಲೆ. ಹಿಂದಕ್ಕೆ ಹೋಗುವ ಉದ್ದನೆಯ ಕಂಬಿ ಇಲ್ಲದ್ದರಿಂದ ಒಳಗೆ ಜಾಗ ಹೆಚ್ಚು, ತಯಾರಿಕೆಯ ಖರ್ಚು ಕಡಿಮೆ. ಎಲ್‌ಎಸ್ ಹೆಸರು ತಂದಿತು, ಇಎಸ್ ಸಂಖ್ಯೆಯಲ್ಲಿ ಮಾರಾಟವಾಯಿತು.

ಲೆಕ್ಸಸ್ ಭಾರತಕ್ಕೆ ಕಾಲಿಟ್ಟಿದ್ದು 2017ರಲ್ಲಿ. 2020ರ ಆರಂಭದಲ್ಲಿ ಏಳನೆಯ ತಲೆಮಾರಿನ ಇಎಸ್ 300ಎಚ್ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಅದೇ ಕಾರ್ಖಾನೆಯಲ್ಲಿ ಕ್ಯಾಮ್ರಿ ಹೈಬ್ರಿಡ್ 2013ರಿಂದಲೇ ಕಟ್ಟಿ ಅನುಭವವಿತ್ತು. ಬಿಡಿಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾಗುವ ಕಾರಿಗೆ ಸುಂಕ ಬಹಳ ಕಡಿಮೆ. ಹಾಗಾಗಿ ಆಮದಾಗಿ ಬರುವಾಗ 59 ಲಕ್ಷದ ಆಸುಪಾಸಿನಲ್ಲಿದ್ದ ಷೋರೂಂ ಬೆಲೆ 51.9 ಲಕ್ಷದಿಂದ ಶುರುವಾಯಿತು. ಎಂಜಿನ್ 2.5 ಲೀಟರ್, ನಾಲ್ಕು ಸಿಲಿಂಡರ್. ಅಣ್ಣನಿಗಿದ್ದ ವಿ8ರ ನಯ ಇದಕ್ಕಿಲ್ಲ. ಊರೊಳಗೆ ಮೋಟಾರೇ ಬಹಳಷ್ಟು ಹೊತ್ತು ದುಡಿಯುವುದರಿಂದ ಆ ಕೊರತೆ ಅಷ್ಟಾಗಿ ಕಾಡುವುದಿಲ್ಲ.

ಈಗ ವ್ಯಾನ್ ಯಾಕೆ?

ಅಮೆರಿಕದಲ್ಲಿ 1990ರಲ್ಲಿ 40 ಸಾವಿರ ದಾಟಿದ್ದ ಎಲ್‌ಎಸ್ ಮಾರಾಟ ಈಚಿನ ವರ್ಷಗಳಲ್ಲಿ ಕೆಲವೇ ಸಾವಿರಕ್ಕೆ ಇಳಿದಿತ್ತು. ಎತ್ತರಕ್ಕೆ ಕೂರುವ, ಹತ್ತಿ ಇಳಿಯಲು ಸುಲಭವಾದ ಎಸ್‌ಯುವಿಗಳತ್ತ ಜನ ತಿರುಗಿದ್ದು ಒಂದು ಕಾರಣ. ಏಷ್ಯಾದ ಸಿರಿವಂತರು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಲು ದೊಡ್ಡ ವ್ಯಾನುಗಳನ್ನೇ ಬಯಸತೊಡಗಿದ್ದು ಇನ್ನೊಂದು. ನಮ್ಮಲ್ಲೂ ಚಿತ್ರನಟರು, ಉದ್ಯಮಿಗಳು ಟೊಯೊಟಾ ವೆಲ್‌ಫೈರ್‌ನಿಂದ ಇಳಿಯುವುದನ್ನು ನೋಡಿದ್ದೀರಿ.

ಮೂರನೆಯ ಕಾರಣ ಈ ಕಾರಿನ ಹುಟ್ಟಿಗೇ ಸೇರಿದ್ದು. 1989ರಲ್ಲಿ ಎಂಜಿನ್ನಿನ ಸದ್ದು ಅಡಗಿಸುವುದು ಎಲ್ಲರಿಗೂ ಆಗದ ವಿದ್ಯೆ. ಬ್ಯಾಟರಿ ಕಾರಿನಲ್ಲಿ ಎಂಜಿನ್ನೇ ಇಲ್ಲ. ಹತ್ತು–ಹದಿನೈದು ಲಕ್ಷದ ವಿದ್ಯುತ್ ಕಾರೂ ಸಿಗ್ನಲ್ಲಿನಲ್ಲಿ ಮೊದಲ ಎಲ್‌ಎಸ್‌ಗಿಂತ ಮೌನವಾಗಿ ನಿಲ್ಲುತ್ತದೆ. ಆದರೆ ಎಂಜಿನ್ ಸುಮ್ಮನಾದ ಮೇಲೆ, ಅದರ ಮರೆಯಲ್ಲಿದ್ದ ಟೈರಿನ ಗುಂಯ್‌ಗುಡುವಿಕೆ, ಕನ್ನಡಿಯ ಅಂಚಿನಲ್ಲಿ ಸೀಳುವ ಗಾಳಿಯ ಸಿಳ್ಳೆ, ಮೋಟಾರಿನ ಸಣ್ಣ ಕೀರಲು ದನಿ ಎಲ್ಲ ಕಿವಿಗೆ ಬೀಳತೊಡಗುತ್ತವೆ. 2025ರ ಏಪ್ರಿಲ್‌ನಲ್ಲಿ ಶಾಂಘೈನಲ್ಲಿ ಪ್ರದರ್ಶನಗೊಂಡ ಎಂಟನೆಯ ತಲೆಮಾರಿನ ಇಎಸ್ ಹೈಬ್ರಿಡ್ ಆಗಿಯೂ ಪೂರ್ತಿ ವಿದ್ಯುತ್ ಕಾರಾಗಿಯೂ ಸಿಗುತ್ತದೆ. ಅದನ್ನು ರೂಪಿಸುವವರು ಈಗ ಪಳಗಿಸಬೇಕಾಗಿರುವುದು ಈ ಸದ್ದುಗಳನ್ನು.